ಮೂರನೇ ಸಾಲಿನ ಉಸಿರು

ಅಮ್ಮಾ,

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ಇಂದಿನ ಅಭ್ಯಾಸದಲ್ಲಿ ಚರ್ಚಿನ ಗಾಯನ ತಂಡಕ್ಕೆ ಉಸಿರು ಸಾಲಲಿಲ್ಲ. ಸ್ತುತಿಗೀತೆಯ ಮೂರನೇ ಸಾಲಿಗೆ ಹನ್ನೆರಡು ಮಂದಿಯೂ ಏದುಸಿರು ಬಿಟ್ಟೆವು.

"ಇದು ಬಟ್ಟೆ ಒಗೆಯೋರ ರಾಗ ಕಣ್ರೀ," ಎಂದರು ಹಾಡಿನ ಮೇಷ್ಟ್ರು. "ಬಟ್ಟೆ ಕಲ್ಲಿಗೆ ಬಡಿಯೋ ಏಟು ಬಿಟ್ಟು ಪುಸ್ತಕಕ್ಕೆ ಹಾಕಿದಾರೆ, ಉಸಿರಿನ ಜಾಗಾನೂ ಹೋಗಿದೆ. ಹಳಬರು ಯಾರಾದ್ರೂ ಹಾಡಿದ್ದು ಕೇಳಿದೀರಾ?"

ಕೇಳದೇ ಏನು! ಇದನ್ನೇ ನೀನು ಚರ್ಚಿನ ಬೆಂಚಿನಲ್ಲಿ ಗುನುಗಿದಾಗ, "ಸುಮ್ನಿರಮ್ಮ, ಇದೇನು ಒಗೆಯೋ ಕಲ್ಲಾ?" ಎಂದು ಗದರಿದ ಮಹಾಪಂಡಿತ ನಾನೇ. ಆಮೇಲೆ ಕಣ್ಣು ಮುಚ್ಚುವವರೆಗೂ ನೀನು ಮನೆಯಲ್ಲೂ ಹಾಡಲಿಲ್ಲ.

ಈಗಷ್ಟೇ ಒದ್ದೆ ಹೊದಿಕೆಯನ್ನು ನೀನು ಒಗೆಯುತ್ತಿದ್ದ ಕಲ್ಲಿಗೆ ಬಡಿದು ಬಡಿದು ಹಾಡಿ ನೋಡಿದೆ. ತೋಳು ಬಿದ್ದುಹೋಯಿತು, ಥೂ, ಉಸಿರು ಮಾತ್ರ ಎಲ್ಲೂ ಕೂರಲೊಲ್ಲದು.

ಒಂದೇ ಉಪಕಾರ ಮಾಡು. ನೀನು ಉಸಿರೆಳೆಯುತ್ತಿದ್ದದ್ದು ಬಟ್ಟೆ ಎತ್ತುವಾಗಲೋ, ಬಡಿದ ಮೇಲೋ? ಭಾನುವಾರದೊಳಗೆ ತಿಳಿಸು.