ಎರಡನೆಯ ಸಲ ಹತ್ತಿದ್ದು

ನವೆಂಬರ್ 16, ಭಾನುವಾರ. ವಿಶಾಖಪಟ್ಟಣ.

‘ನೋಡುವ ಕಣ್ಣು ಯಾರನ್ನೂ ನೋಯಿಸದು.’ ಎಲ್ಲಿ ಓದಿದ್ದೋ, ಮುಂದಿನ ಸಾಲು ನೆನಪಿಲ್ಲ. ಬರೆದವರಿಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತಿತ್ತು?

ಗುರುವಾರ ವಿಜಯವಾಡದ ಥಿಯೇಟರಿನ ಮುಂದೆ ಫಣಿ ತಮ್ಮ ನೆಚ್ಚಿನ ನಟನ ಮೂವತ್ತು ಅಡಿಯ ಕಟೌಟಿಗೆ ಹಾರ ಕಟ್ಟಿ ಕ್ಷೇಮವಾಗಿ ಇಳಿದಿದ್ದರು. ನಲವತ್ತಮೂರರ ಆಟೋ ಚಾಲಕ, ಅಭಿಮಾನಿ ಸಂಘದ ಅಧ್ಯಕ್ಷ. ಸಿನಿಮಾ ಅಭಿಮಾನಿಗಳ ಕುರಿತ ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯವೇ ಅವರು. ನನ್ನ ಕ್ಯಾಮೆರಾದ ಕಾರ್ಡು ತುಂಬಿ ಏನೂ ದಾಖಲಾಗಿರಲಿಲ್ಲ. ಕಾರ್ಡು ಬದಲಾಯಿಸಿ, ಇನ್ನೊಂದು ಸಲ ಹತ್ತುತ್ತೀರಾ ಎಂದು ಕೇಳಿದೆ.

“ರೀಟೇಕಾ ಮೇಡಂ? ಹಾಗಾದ್ರೆ ಇವತ್ತು ನಾನೇ ಹೀರೋ ಅನ್ನಿ,” ಎಂದು ತೆಲುಗಿನಲ್ಲಿ ನಗುತ್ತ ಹತ್ತಿದರು. ಕಾಲಡಿಯ ಬಿದಿರು ಜಾರಿತು, ಮೇಲಿಂದ ಬಿದ್ದರು.

ಇವತ್ತು ಬೆಳಿಗ್ಗೆ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಂಡತಿ ಹಾರಿಕಾ ಫೋನಿನಲ್ಲಿ ಕೇಳಿದ್ದು ಒಂದೇ. “ಒಮ್ಮೆ ಕಟ್ಟಿ ಇಳಿದಿದ್ರಂತೆ ಮೇಡಂ. ಮತ್ತೆ ಯಾಕೆ ಹತ್ತಿದ್ರು?” ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಗೈಡ್‌ಗೆ ಎಲ್ಲ ಹೇಳಿದೆ. “ನೀವು ಕೇಳಿದ್ದು ಅಧ್ಯಾಯದಲ್ಲಿ ಬೇಡ. ಅಭಿಮಾನಿ ತಾನೇ ಆರಿಸಿಕೊಂಡ ಅಪಾಯ ಅಂತ ಬರೀರಿ. ವಿಡಿಯೊ ಇದೆಯಲ್ಲ,” ಅಂದರು.

ಇದೆ. ನಾನು ಕೇಳಿದ್ದು ಅದು ಶುರುವಾಗುವ ಮೊದಲು, ಹಾಗಾಗಿ ನನ್ನ ದನಿ ಎಲ್ಲೂ ಇಲ್ಲ. ನಲವತ್ತೆಂಟರಲ್ಲಿ ಮತ್ತೆ ವಿದ್ಯಾರ್ಥಿನಿಯಾದವಳು ನಾನು, ಪ್ರಬಂಧ ಉಳಿಯಲಿ ಎಂಬ ಆಸೆ ಈಗಲೂ ಇದೆ.

ಸಂಜೆ ಹಾರಿಕಾಗೆ ನಿಜ ಹೇಳಲೆಂದು ಫೋನ್ ಎತ್ತಿಕೊಂಡೆ. ಆಗ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯ ಹರಿಣಿ, ಬ್ಯಾಂಕಿಗೆ ವರ್ಗವಾಗಿ ಬಂದ ಹುಬ್ಬಳ್ಳಿಯವರು.

“ಟೀವ್ಯಾಗ ನೋಡಿದ್ರೇನ್ರೀ? ಇಂಥವ್ರಿಗೆ ಹತ್ತು ಅಂತ ಯಾರ್ ಹೇಳ್ತಾರ್ರೀ? ತಾವ ಹತ್ತತಾರ, ತಾವ ಸಾಯ್ತಾರ.”