ಊಟದ ನಂತರ ನಲ್ಲಿಯ ಸದ್ದು

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹತ್ತಿಳಿಯುವ ಕೆಲಸವನ್ನೆಲ್ಲ ಅಳಿಯಂದಿರಿಗೇ ಬಿಡಿ. ಪುಟಾಣಿಗೆ ಹಲ್ಲು ಬಂತೇ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟಿದ್ದೆ. ಅದು ಪೂರ್ತಿ ನಿಜವಲ್ಲ.

ನಿಮ್ಮ ಮಗನ ಮೇಲೆ ನನಗೆ ಅನುಮಾನ ಹುಟ್ಟಿ ಬಹಳ ದಿನವಾಯಿತು. ಊಟ ಮುಗಿಯುತ್ತಿದ್ದಂತೆ ಇವರು ಫೋನು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಲ್ಲಿ ಭೋರೆಂದು ಸುರಿಯುತ್ತಿತ್ತು. ಹೊರಬಂದಾಗ ಕಣ್ಣು ಕೆಂಪು, ಬಾಯಲ್ಲಿ ಪೆಪ್ಪರಮಿಂಟಿನ ವಾಸನೆ. ದಿನವಿಡೀ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿ ಬರುವ ಮನುಷ್ಯನಿಗೆ ಮನೆಯಲ್ಲೂ ಇಷ್ಟು ನೀರು ಯಾಕೆ? ಯಾರೊಡನೆಯೋ ಪಿಸುಗುಡುವುದು ಕೇಳಿಸಬಾರದೆಂದೇ ನಲ್ಲಿ ಬಿಡುತ್ತಾರೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ನೋಡಿ, ಕೊಳದ ಟಿಕೆಟ್ ಕೊಡುವ ಹುಡುಗಿ ನಕ್ಕರೂ ನನ್ನ ಎದೆ ಧಗ್ಗೆನ್ನುತ್ತಿತ್ತು. ಇವರ ಚೀಲ ತಡಕಿದೆ. ಒದ್ದೆ ಟವೆಲಿನಡಿ ಬರೀ ಬಿಸ್ಕತ್ತಿನ, ಬ್ರೆಡ್ಡಿನ ಖಾಲಿ ಪೊಟ್ಟಣಗಳು. ಅವಳೇ ತಿನ್ನಿಸುತ್ತಾಳೆ ಎಂದು ಅದನ್ನೂ ಆ ಪಾಪದವಳ ತಲೆಗೇ ಕಟ್ಟಿದೆ.

ಕಳೆದ ವಾರ ಇವರು ಹಲ್ಲುನೋವೆಂದು ನರಳತೊಡಗಿದರು. ಒಬ್ಬನೇ ಹೋಗುತ್ತೇನೆಂದು ಹಟ ಹಿಡಿದರು, ನಾನು ಬಿಡುತ್ತೇನೆಯೇ? ಬಾಲದಂತೆ ಹೋದೆ. ಹಲ್ಲಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿ, "ಹಲ್ಲಿನ ಒಳಮೈಯೆಲ್ಲ ಹುಳಿ ತಿಂದ ಹಾಗೆ ಸವೆದಿದೆ. ಪದೇ ಪದೇ ವಾಂತಿ ಆಗುತ್ತಾ?" ಎಂದರು. ಇವರು ಇಲ್ಲವೆಂದು ತಲೆಯಾಡಿಸಿದರು. ಕಣ್ಣಲ್ಲಿ ಮಾತ್ರ ನೀರು.

ಬರುವ ದಾರಿಯಲ್ಲಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬಾಯಿಬಿಟ್ಟರು. "ತಿನ್ನೋಕೆ ಶುರು ಮಾಡಿದ್ರೆ ಕೈ ನಿಲ್ಲಲ್ಲ ಕಣೇ. ಆಮೇಲೆ ದಪ್ಪಗಾಗ್ತೀನಿ ಅಂತ ಭಯ ಆಗುತ್ತೆ, ಎಲ್ಲ ಕಕ್ಕಿಬಿಡ್ತೀನಿ. ಹತ್ತು ಜನರ ಎದುರು ಬರೀ ಮೈಯಲ್ಲಿ ನಿಲ್ಲೋ ಕೆಲಸ ನಂದು." ಸವತಿಯಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಅತ್ತೆ. ಇದರ ಜುಟ್ಟು ಎಲ್ಲಿ ಹಿಡಿಯಲಿ?

ನಿನ್ನೆ ಮನೋವೈದ್ಯರ ಬಳಿ ಹೋಗಿದ್ದೆವು. ಇದು ಕಾಯಿಲೆಯಂತೆ, ಕೊಬ್ಬಲ್ಲ. ಊಟವನ್ನೇ ಬಿಟ್ಟು ಸೊರಗುವವರಿದ್ದಾರಂತೆ, ಹೊಟ್ಟೆ ಬಿರಿದರೂ ನಿಲ್ಲಿಸಲಾಗದೆ ತಿನ್ನುವವರಿದ್ದಾರಂತೆ, ಇವರ ಹಾಗೆ ತಿಂದು ಕಕ್ಕುವವರೂ ಇದ್ದಾರಂತೆ. "ಮೈ ನೋಡಿ ಹೇಳೋಕಾಗಲ್ಲಮ್ಮ, ಗಂಡಸರಿಗೂ ಬರುತ್ತೆ" ಎಂದರು. ವಾಸಿಯಾಗುತ್ತದೆ, ಸಮಯ ಹಿಡಿಯುತ್ತದೆ, ನೀವು ಪೊಲೀಸರ ಹಾಗೆ ಕಾಯಬೇಡಿ ಎಂದು ನನಗೂ ಹೇಳಿದರು. ಆದರೂ ಇವತ್ತು ಬಚ್ಚಲ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಸದ್ದೇ ಇಲ್ಲ. ಸದ್ದಿಲ್ಲದ್ದಕ್ಕೂ ಅನುಮಾನ ಬಂತು!

ನಾದಿನಿಗೂ ಅವರ ಮನೆಯವರಿಗೂ ನನ್ನ ನೆನಪು ತಿಳಿಸಿ, ಪುಟಾಣಿಗೆ ಮುತ್ತು ಕೊಡಿ. ನಿಮ್ಮ ಆಶೀರ್ವಾದದಲ್ಲಿ ಈ ಸಲ ಇವರಿಗೆ ದೊಡ್ಡ ಪಾಲಿರಲಿ.

ನಿಮ್ಮ
ಸೊಸೆ

ಮರೆತಿದ್ದೆ: ನಾನು ಬರೆದದ್ದು ಇವರಿಗೆ ಗೊತ್ತಿಲ್ಲ. ಭಾನುವಾರ ನೀವು ಫೋನು ಮಾಡಿದಾಗ ಎಂದಿನಂತೆ "ಏನೋ ಡುಮ್ಮಾ, ಹೊಟ್ಟೆ ಇಳೀತೇನೋ?" ಎಂದು ತಮಾಷೆಗೂ ಕೇಳಬೇಡಿ. ಪ್ರೀತಿಯಿಂದಲೇ ಕರೆಯುತ್ತೀರಿ, ಬಲ್ಲೆ. ಆದರೆ ಶನಿವಾರ ಸಂಜೆಯಿಂದಲೇ ಇವರು ತಟ್ಟೆ ಮುಟ್ಟುವುದಿಲ್ಲ.