ಟೇಪಿನ ಆ ತುದಿ

ಅವ್ವಾ,

ಮನೆ ಹಕ್ಕುಪತ್ರದ ಮಸೂದೆ ಈ ಅಧಿವೇಶನದಲ್ಲೂ ಮುಂದಕ್ಕೆ ಹೋಯಿತು. ಆದರೂ ಇವತ್ತು ಮಧ್ಯಾಹ್ನ ಚನ್ನಪಟ್ಟಣದ ನಮ್ಮ ಕಾಲೋನಿಗೆ ಸರ್ವೆಯವನು ಬಂದಿದ್ದ. ನಾನು ಬೊಂಬೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ನಮ್ಮ ಮನೆ ಅಳೆದು ಮುಗಿಸಿ ಟೇಪು ಸುತ್ತುತ್ತಿದ್ದ.

“ಒಬ್ರೇ ಹೆಂಗ್ ಅಳೆದ್ರಿ ಸಾರ್?” ಎಂದೆ.

“ಆ ತುದಿನ ನಿಮ್ಮನೆ ಅಜ್ಜಿ ಹಿಡ್ಕಂಡಿದ್ರಲ್ಲ. ಹಿಂದ್ಗಡೆ ಗೋಡೆ ತಾವ ಒಸಿ ಹುಷಾರು ಅಂತ ನಂಗೇ ಯೋಳುದ್ರು.”

ಹಿತ್ತಿಲಿಗೆ ಓಡಿದೆ. ಯಾರೂ ಇರಲಿಲ್ಲ. ಮೂರು ಮಳೆಗಾಲದ ಹಿಂದೆ ಮೇಲೆ ಬಿದ್ದು ನಿನ್ನ ಜೀವ ತೆಗೆದ ಆ ಗೋಡೆಯ ಜಾಗದಲ್ಲಿ ಈಗಲೂ ಬರೀ ತಗಡಿದೆ. “ಬಿಲ್ ಪಾಸಾಗ್ಲಿ ಕಣವ್ವ, ಆಮೇಲೆ ರಿಪೇರಿ ಮಾಡುಸ್ತೀನಿ” ಎಂದು ಆಗ ನಾನೇ ಹೇಳುತ್ತಿದ್ದೆ.

ಸರ್ವೆಯವನು ಅರ್ಜಿ ಚಾಚಿದ. “ಮನೇಲಿ ನೀವಿಬ್ರೇನಾ?”

“ಹೂಂ” ಎಂದು ಸಹಿ ಹಾಕಿದೆ.

ನರೇಂದ್ರ